ಕುಷ್ಟಗಿ ಡಾಕ್ಟರ ಕಾರಿಗೆ ನಾನು ಆರಿಸಿದ ಕಾರ್ಬುರೇಟರ್

ಡಾಕ್ಟರ ಕಾರಿನ ಕಾರ್ಬುರೇಟರನ್ನು ಬಿಚ್ಚಿ ಕೈಗೆ ತೆಗೆದುಕೊಂಡಾಗ ಅದು ಮುರಿಯಿತು. ಕೆಳಗೆ ಬಿದ್ದು ಮುರಿದದ್ದಲ್ಲ, ಬೋಲ್ಟ್ ಬಿಚ್ಚುವ ಪಾನಾ ತಾಗಿ ಮುರಿದದ್ದೂ ಅಲ್ಲ. ನನ್ನ ಹೆಬ್ಬೆರಳಿನ ಒತ್ತಡಕ್ಕೇ ಅದರ ಒಂದು ಮಗ್ಗುಲು ಹಳೆಯ ಬೆಲ್ಲದಂತೆ ಪುಡಿಯಾಗಿ ಅಂಗೈಯಲ್ಲಿ ಉಳಿಯಿತು. ಒಳಗೆಲ್ಲ ಬೂದಿ ಬಣ್ಣ, ಕೂದಲೆಳೆಯಂಥ ಬಿರುಕುಗಳು. ನಾನು ಕೊಪ್ಪಳದ ಹತ್ತಿ ಜಿನ್ನಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ಕಬ್ಬಿಣ ತುಕ್ಕು ಹಿಡಿಯುವುದನ್ನು ಕಂಡಿದ್ದೆ, ಹಿತ್ತಾಳೆ ಸವೆಯುವುದನ್ನು ಕಂಡಿದ್ದೆ. ಒಂದು ಲೋಹ ತನ್ನಷ್ಟಕ್ಕೆ ತಾನೇ ಒಳಗಿಂದ ಸಾಯುವುದನ್ನು ಕಂಡಿರಲಿಲ್ಲ. ಅದು ಸತು ಬೆರೆಸಿದ ಎರಕವೆಂದೂ ವರ್ಷಗಳು ಕಳೆದಂತೆ ಕೆಲವು ಎರಕಗಳು ಹಾಗಾಗುತ್ತವೆಂದೂ ಆಮೇಲೆ ತಿಳಿಯಿತು. ಆ ಹೊತ್ತಿಗೆ ಮಾತ್ರ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಆ ಪುಡಿಯನ್ನು ಹಿಡಿದುಕೊಂಡು ನಿಂತೆ.

ಡಾಕ್ಟರು ಪಕ್ಕದಲ್ಲೇ ಇದ್ದರು. ಕುಷ್ಟಗಿಯ ಸರ್ಕಾರಿ ದವಾಖಾನೆ ಅವರದು. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಕಾರು ಅವರ ಸ್ವಂತದ್ದು, ಅಮೆರಿಕದಿಂದ ಬಂದ ಆರು ಸಿಲಿಂಡರಿನ ಹಳೆಯ ಗಾಡಿ. ಅದನ್ನು ಎತ್ತುಗಳಿಂದ ಎಳೆಸಿಕೊಂಡು ಕೊಪ್ಪಳಕ್ಕೆ ತಂದಿದ್ದರು. ನನ್ನ ಅಂಗೈಯನ್ನು ನೋಡಿ ಅವರು ಹೇಳಿದ್ದು ಇಷ್ಟೇ.

“ಮಿಸ್ತ್ರಿ, ಈ ಗಾಡಿ ಇಲ್ಲಂದ್ರ ನಾ ಕುಷ್ಟಗಿಯೊಳಗ ಕುಂತು ಗುಳಿಗಿ ಕೊಡಬೇಕಷ್ಟ. ಹೊಟ್ಟಿ ಕೊಯ್ಯೂವಂಥ ಮಂದೀನ ರೈಲಿಗೆ ಮುಟ್ಟಸಾಕ ಚಕ್ಕಡಿ ಸಾಲೂದಿಲ್ಲ.”

ಅದು ನಿಜವಾಗಿತ್ತು. ಕುಷ್ಟಗಿಯಿಂದ ಕೊಪ್ಪಳದ ರೈಲು ಸ್ಟೇಷನ್ ಮೂವತ್ತು ಮೈಲಿಗೂ ಮೇಲೆ. ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿಯ ದೊಡ್ಡ ದವಾಖಾನೆ. ಎತ್ತಿನ ಚಕ್ಕಡಿಯಲ್ಲಿ ಬಂದವರು ಎಷ್ಟೋ ಸಲ ಸ್ಟೇಷನ್ ಮುಟ್ಟುವ ಮೊದಲೇ ತೀರಿಕೊಳ್ಳುತ್ತಿದ್ದರು.

ಯುದ್ಧದ ಕಾಲ. ಮುಂಬೈಗೆ ಪತ್ರ ಬರೆಸಿದೆವು. ಆ ಮಾದರಿಯ ಕಾರ್ಬುರೇಟರ್ ಇಲ್ಲ, ಹಡಗು ಯಾವಾಗ ಬರುತ್ತದೋ ಹೇಳಲಾಗದು ಎಂದು ಉತ್ತರ ಬಂತು. ಬೇರೆ ಗಾಡಿಯದನ್ನು ಹುಡುಕಿ ಹೊಂದಿಸುವುದೊಂದೇ ದಾರಿ.

ಕಾರ್ಬುರೇಟರ್ ಮಾಡುವ ಕೆಲಸ ಹೇಳಲು ಸುಲಭ. ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಹದವಾಗಿ ಪೆಟ್ರೋಲ್ ಬೆರೆಸಿ ಒಳಗೆ ಕಳಿಸುತ್ತದೆ. ಅದರ ನಡುವೆ ಒಂದು ಕಿರಿದಾದ ಗಂಟಲು. ಗಾಳಿ ಅಲ್ಲಿ ವೇಗವಾಗಿ ನುಗ್ಗುವಾಗ ಜೆಟ್ ಎಂಬ ಸಣ್ಣ ತೂತಿನಿಂದ ಪೆಟ್ರೋಲನ್ನು ಹೀರುತ್ತದೆ. ಗಂಟಲು ಎಂಜಿನ್ನಿನ ಗಾತ್ರಕ್ಕೆ ಸಣ್ಣದಾದರೆ ಏರಿನಲ್ಲಿ ಉಸಿರು ಕಟ್ಟುತ್ತದೆ. ದೊಡ್ಡದಾದರೆ ಮೆಲ್ಲಗೆ ಹೋಗುವಾಗ ಎಳೆತ ಸಾಲದೆ ಎಂಜಿನ್ ತಡವರಿಸುತ್ತದೆ. ಜೆಟ್ಟಿನ ತೂತು ಕಿರಿದಾದರೆ ಬೆರಕೆ ತೆಳುವಾಗಿ ಬೆಂಕಿ ನಿಧಾನಕ್ಕೆ ಉರಿದು, ಕೆಲವೊಮ್ಮೆ ಬಂದ ದಾರಿಯಲ್ಲೇ ಹಿಂದಕ್ಕೆ ಉಗುಳುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲೇ ಬರೆದಿಡುತ್ತೇನೆ.

ಪುಡಿಯಾಗದೆ ಉಳಿದಿದ್ದ ಭಾಗದಲ್ಲಿ ಗಂಟಲನ್ನು ಒಳಕ್ಯಾಲಿಪರಿನಿಂದ ಅಳೆದೆ. ಒಂದೂಕಾಲು ಇಂಚಿಗೆ ಕೂದಲಷ್ಟು ಕಡಿಮೆ. ಎಂಜಿನ್ನಿಗೆ ಕೂಡುವ ಮುಖದ ಎರಡು ಬೋಲ್ಟ್ ತೂತುಗಳ ಅಂತರವನ್ನು ದಪ್ಪ ಕಾಗದದ ಮೇಲೆ ಒತ್ತಿ ಅಚ್ಚು ತೆಗೆದುಕೊಂಡೆ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಜಿನ್ನಿನಿಂದ ನಾಲ್ಕು ದಿನ ರಜೆ ಪಡೆದೆ.

ಮೊದಲು ಹೋದದ್ದು ಯಲಬುರ್ಗಾ ಕಡೆಗೆ. ಅಲ್ಲಿಯ ಒಬ್ಬ ದೇಸಾಯರ ವಾಡೆಯಲ್ಲಿ ಎಂಟು ಸಿಲಿಂಡರಿನ ದೊಡ್ಡ ಕಾರು ವರ್ಷಗಳಿಂದ ನಿಂತಿತ್ತು. ಯುದ್ಧಕ್ಕೆಂದು ಪೆಟ್ರೋಲಿಗೆ ರೇಷನ್ ಕೂಪನ್ ಬಂದ ಮೇಲೆ ಅವರು ಅದನ್ನು ಹೊರಗೆ ತೆಗೆದಿರಲಿಲ್ಲ. ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಬಾನೆಟ್ ಎತ್ತಿ ನೋಡಿದೆ. ಗಟ್ಟಿ ಎರಕದ, ಹಿತ್ತಾಳೆ ಒಳಭಾಗಗಳ ಕಾರ್ಬುರೇಟರ್. ನಮ್ಮದರಂತೆಯೇ ಎಂಜಿನ್ನಿನ ಕೆಳಗೆ ಕೂತು ಮೇಲಕ್ಕೆ ಕಳಿಸುವ ಬಗೆ. ಬೋಲ್ಟಿನ ಅಂತರವೂ ಕಾಗದದ ಅಚ್ಚಿಗೆ ಸರಿಯಾಗಿ ಕೂತಿತು. ಗಂಟಲು ಮಾತ್ರ ಒಂದೂವರೆ ಇಂಚು, ನಮ್ಮ ಎಂಜಿನ್ನಿಗೆ ದೊಡ್ಡದು. ಆದರೂ ಕೇಳಿದೆ.

ದೇಸಾಯರು ತೂಗುಮಂಚದಿಂದ ಏಳಲಿಲ್ಲ.

“ನಮ್ಮ ಗಾಡಿ ಇನ್ನೂ ಸತ್ತಿಲ್ಲ. ಯುದ್ಧ ಮುಗೀಲಿ, ಮತ್ತ ರಸ್ತೆಗೆ ಇಳೀತೈತಿ. ಅದರ ಗಂಟಲಾ ಕೊಯ್ದು ಮಂದಿಗೆ ಕೊಡಾಕ ನಾ ತಯಾರಿಲ್ಲ.”

ಡಾಕ್ಟರಿಗಾಗಿ ಎಂದು ಹೇಳಿದೆ. ಡಾಕ್ಟರು ತಮಗೂ ಬೇಕಾದವರೇ, ಬೇರೆ ಏನಾದರೂ ಕೇಳು ಎಂದರು. ಗಂಟಲು ಹೇಗೂ ದೊಡ್ಡದು, ಹೋದರೆ ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡು ಹೊರಟೆ.

ಗಂಗಾವತಿಯಲ್ಲಿ ಒಬ್ಬ ಬಸ್ಸಿನ ಮಾಲೀಕ ತನ್ನ ಬಸ್ಸುಗಳಿಗೆ ಇದ್ದಿಲು ಗ್ಯಾಸಿನ ಒಲೆ ಕಟ್ಟಿಸಿದ್ದ. ಹಿಂದೆ ಪೀಪಾಯಿಯಂಥ ಒಲೆ, ಅದರಲ್ಲಿ ಇದ್ದಿಲು ಉರಿಸಿ ಆ ಹೊಗೆಯಿಂದ ಎಂಜಿನ್ ನಡೆಸುವುದು. ಬಿಚ್ಚಿಹಾಕಿದ ಒಂದು ಹಳೆಯ ಬಸ್ಸಿನ ಕಾರ್ಬುರೇಟರ್ ಅವನ ಶೆಡ್ಡಿನ ಮೂಲೆಯಲ್ಲಿತ್ತು. ಇದ್ದಿಲು ತಿನ್ನುವ ಬಸ್ಸಿಗೆ ಇದು ಯಾತಕ್ಕೆ, ತೆಗೆದುಕೊಂಡು ಹೋಗಿ ಎಂದು ಸಂತೋಷದಿಂದಲೇ ಕೊಟ್ಟ. ಆದರೆ ಆ ಬಸ್ಸು ನಾಲ್ಕು ಸಿಲಿಂಡರಿನದು. ಗಂಟಲು ಒಂದು ಇಂಚಿಗೆ ಸ್ವಲ್ಪ ಹೆಚ್ಚು. ಬೋಲ್ಟಿನ ತೂತು ಹೊಂದುತ್ತಿರಲಿಲ್ಲ. ಪೆಟ್ರೋಲ್ ಬರುವುದನ್ನು ತಡೆಯುವ ಸೂಜಿಯ ಮೊನೆ ಸವೆದಿತ್ತು. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದಾಗ ಇನ್ನೊಂದು ಕಂಡಿತು. ಯಾರೋ ಅದರ ತೂತನ್ನು ಬೆಸುಗೆಯಿಂದ ಮುಚ್ಚಿ ಮತ್ತೆ ಸಣ್ಣಗೆ ಕೊರೆದಿದ್ದರು. ಪೆಟ್ರೋಲ್ ಉಳಿಸಲು ಆಗ ಎಷ್ಟೋ ಜನ ಮಾಡಿಸುತ್ತಿದ್ದ ಕೆಲಸ.

ಅದನ್ನು ನೋಡಿದೆ. ಆಮೇಲೆ ಜೆಟ್ಟನ್ನು ಹಾಗೆಯೇ ತಿರುಗಿಸಿ ಹಾಕಿದೆ.

ಯಾಕೆ ಎಂದರೆ, ತಿಂಗಳ ಕೂಪನ್ನಿನ ಪೆಟ್ರೋಲ್ ಹದಿನೈದು ದಿನಕ್ಕೇ ಮುಗಿಯುತ್ತದೆಂದು ಡಾಕ್ಟರು ಒಮ್ಮೆ ಹೇಳಿದ್ದರು. ಕಡಿಮೆ ಕುಡಿಯುವ ಗಾಡಿಯನ್ನು ಮಾಡಿಕೊಟ್ಟರೆ ಅವರಿಗೆ ಸಂತೋಷವಾಗುತ್ತದೆ ಎನಿಸಿತು. ನನ್ನ ರಜೆ ಮುಗಿಯುತ್ತ ಬಂದಿತ್ತು. ಯಲಬುರ್ಗಾದಲ್ಲಿ ಇಲ್ಲ ಎನಿಸಿಕೊಂಡು ಬಂದವನಿಗೆ ಗಂಗಾವತಿಯಿಂದಲೂ ಬರಿಗೈಯಲ್ಲಿ ಹೋಗುವ ಮನಸ್ಸಿರಲಿಲ್ಲ. ಎಲ್ಲ ಸೇರಿ ಒಂದು ಕಾರಣವಾಯಿತು.

ಬೋಲ್ಟಿನ ಅಂತರಕ್ಕೆ ನಡುವೆ ಒಂದು ಕಬ್ಬಿಣದ ಪಟ್ಟಿ ಕೊರೆದು, ಎರಡೂ ಕಡೆ ಪ್ಯಾಕಿಂಗ್ ಇಟ್ಟು ಕೂಡಿಸಿದೆ. ಸವೆದ ಸೂಜಿಯನ್ನು ತಿಕ್ಕಿ ಕೂಡಿಸಿದರೂ ಪೆಟ್ರೋಲ್ ಹನಿ ಹನಿಯಾಗಿ ಜಿನುಗುತ್ತಿತ್ತು. ಆ ಕಾರಿನಲ್ಲಿ ಪೆಟ್ರೋಲ್ ಮೊದಲು ಎಂಜಿನ್ನಿನ ಹಿಂದಿನ ತಗಡಿಗೆ ಬಡಿದ ಒಂದು ಸಣ್ಣ ಡಬ್ಬಿಗೆ ಬಂದು, ಅಲ್ಲಿಂದ ತನ್ನ ಭಾರಕ್ಕೇ ಕಾರ್ಬುರೇಟರಿಗೆ ಇಳಿಯುತ್ತಿತ್ತು. ಡಬ್ಬಿಯ ಕೆಳಗೆ ಒಂದು ಹಿತ್ತಾಳೆ ನಲ್ಲಿ. ಗಾಡಿ ನಿಲ್ಲಿಸಿದಾಗ ನಲ್ಲಿಯನ್ನು ಮುಚ್ಚಿದರೆ ಹನಿಯ ಭಯವಿಲ್ಲ ಎಂದು ಡಾಕ್ಟರಿಗೆ ತೋರಿಸಿಕೊಟ್ಟೆ. ನಲ್ಲಿಯೇ ಸೋರದಿರಲೆಂದು ಅದನ್ನು ಬಿಗಿ ಮಾಡಿದೆ, ಎರಡು ಬೆರಳು ಸಾಲದಷ್ಟು ಬಿಗಿ.

ಡಾಕ್ಟರ ಡ್ರೈವರ್ ಪಲ್ಟಣಿಗೆ ಸೇರಿ ಹೋಗಿದ್ದ. ಹೀಗಾಗಿ ಗಾಡಿಯನ್ನು ನಾನೇ ಕುಷ್ಟಗಿಗೆ ಮುಟ್ಟಿಸಲು ಹೊರಟೆ. ಒಬ್ಬನೇ ಇದ್ದೆ, ಹೆಚ್ಚಿನ ದಾರಿ ಸಮತಟ್ಟು, ದೊಡ್ಡ ಏರು ಕೊಪ್ಪಳದ ಕಡೆಯಿಂದ ಹೋಗುವಾಗ ಇಳಿಜಾರು. ಗಾಡಿ ಛಂದ ಓಡಿತು. ಊರ ಹತ್ತಿರದ ಸಣ್ಣ ದಿನ್ನೆಯಲ್ಲಿ ಎರಡು ಸಲ ಕೆಮ್ಮಿತು. ದವಾಖಾನೆಯ ಮುಂದೆ ನಿಲ್ಲಿಸಿ ಒಂದು ಪ್ಲಗ್ ಬಿಚ್ಚಿ ನೋಡಿದೆ. ಅದರ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಬೆರಕೆ ತೆಳುವಾಗಿದೆ ಎನ್ನಲು ಅದಕ್ಕಿಂತ ಸಾಕ್ಷಿ ಬೇಕಿಲ್ಲ. ಡಾಕ್ಟರು ಗಾಡಿ ಹೇಗಿದೆ ಎಂದು ಕೇಳಿದರು. ಛಲೋ ಐತ್ರಿ ಎಂದೆ.

ಮಧ್ಯಾಹ್ನ ಒಂದು ಚಕ್ಕಡಿ ಬಂತು. ಒಬ್ಬ ರೈತ, ಮೂವತ್ತರ ಪ್ರಾಯ. ತೊಡೆಸಂದಿನಲ್ಲಿ ಕರುಳು ಇಳಿದು ಸಿಕ್ಕಿಕೊಂಡು ಮೂರು ಹೊತ್ತಾಗಿತ್ತು. ವಾಂತಿ ನಿಂತಿರಲಿಲ್ಲ. ಜೊತೆಗೆ ಹೆಂಡತಿ. ಡಾಕ್ಟರು ಒಮ್ಮೆ ಕೈಯಿಟ್ಟು ನೋಡಿ, ಇಂದು ಸಂಜೆಯ ರೈಲು ಸಿಗಬೇಕು ಎಂದರು. ಅವನನ್ನು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿದೆವು. ಹೆಂಡತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಡಾಕ್ಟರು ಮುಂದೆ ನನ್ನ ಪಕ್ಕದಲ್ಲಿ ಕೂತರು.

ಕೊಪ್ಪಳ ಇನ್ನು ಎಂಟು ಹತ್ತು ಮೈಲಿ ಇರುವಾಗ ಬಂಡೆಗಲ್ಲುಗಳ ನಡುವೆ ಉದ್ದನೆಯ ಏರು. ಅರ್ಧ ಏರುವಷ್ಟರಲ್ಲಿ ಎಂಜಿನ್ ಕೆಮ್ಮಿತು, ನಡುಗಿತು, ನಿಂತಿತು. ಗಾಡಿ ಹಿಂದಕ್ಕೆ ಜಾರದಂತೆ ಬ್ರೇಕ್ ಎಳೆದು ಸ್ಟಾರ್ಟರ್ ಒತ್ತಿದೆ. ಹಿಡಿಯಲಿಲ್ಲ. ಮತ್ತೆ ಒತ್ತಿದೆ. ಅಷ್ಟರೊಳಗೆ ಸವೆದ ಸೂಜಿ ಸುಮ್ಮನಿರಲಿಲ್ಲ, ಪೆಟ್ರೋಲ್ ಇಳಿದು ಗಾಳಿ ಎಳೆಯುವ ಬಾಯಲ್ಲಿ ನಿಂತಿತ್ತು. ಮೂರನೆಯ ಸಲಕ್ಕೆ ಎಂಜಿನ್ ಹಿಂದಕ್ಕೆ ಉಗುಳಿತು. ಗೋಣಿಚೀಲ ಜಾಡಿಸಿದಂಥ ಸದ್ದು. ಬಾನೆಟ್ಟಿನ ಸಂದಿಗಳಲ್ಲಿ ಹಳದಿ ಬೆಳಕು ಕಂಡಿತು.

ಆಮೇಲಿನದನ್ನು ಇದ್ದದ್ದು ಇದ್ದಂತೆ ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ. ನನಗೆ ನೆನಪಿರುವುದು ಇಷ್ಟು. ನಾನು ರಸ್ತೆಯ ಬದಿಯಲ್ಲಿ, ಗಾಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಗಿಲು ತೆರೆದದ್ದು, ಇಳಿದದ್ದು, ಓಡಿದ್ದು ಯಾವುದೂ ನೆನಪಿಲ್ಲ. ಬೆಂಕಿಗೆ ಬೇಕಾದ ಪೆಟ್ರೋಲ್ ಆ ಡಬ್ಬಿಯಿಂದ ಇಳಿಯುತ್ತಲೇ ಇತ್ತು. ಆ ನಲ್ಲಿಯನ್ನು ಮುಚ್ಚಬೇಕು, ಮುಚ್ಚದಿದ್ದರೆ ಇಡೀ ಗಾಡಿ ಹತ್ತಿಕೊಳ್ಳುತ್ತದೆ, ಹಿಂದೆ ಒಬ್ಬ ಮನುಷ್ಯ ಏಳಲಾರದೆ ಮಲಗಿದ್ದಾನೆ. ಇದೆಲ್ಲ ನನಗೆ ಹಗಲಿನಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ಕಾಲು ಏಳಲಿಲ್ಲ. ನಲ್ಲಿ ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಸೀಮೆಯಲ್ಲೇ ಇರಲಿಲ್ಲ. ನಾನು ನಿಂತು ನೋಡುತ್ತಿದ್ದೆ.

ಡಾಕ್ಟರು ಬಾನೆಟ್ ಎತ್ತಿದರು. ಬಲಗೈಯನ್ನು ಉರಿಯೊಳಗೆ ಹಾಕಿದರು. ನಲ್ಲಿ ತಿರುಗಲಿಲ್ಲ. ಅವರು ಕೈಯನ್ನು ಹೊರಗೆ ತೆಗೆಯಲಿಲ್ಲ. ಮುಖವನ್ನು ಮಾತ್ರ ಒಂದು ಕಡೆಗೆ ತಿರುಗಿಸಿ, ಹಲ್ಲು ಕಚ್ಚಿ, ಮತ್ತೆ ತಿರುಗಿಸಿದರು. ಅದು ತಿರುಗಿತು. ಕೈ ಹೊರಗೆ ಬಂದಾಗ ಅಂಗಿಯ ತೋಳು ಹೊಗೆಯಾಡುತ್ತಿತ್ತು.

ಅಷ್ಟೊತ್ತಿಗೆ ನನಗೆ ಕಾಲು ಬಂದವು. ರಸ್ತೆಯ ಮಣ್ಣನ್ನು ಬೊಗಸೆ ಬೊಗಸೆಯಾಗಿ ತಂದು ಹಾಕಿದೆ. ಉರಿ ಆರಿತು. ಹಿಂದೆ ಹೆಂಡತಿ ಗಂಡನನ್ನು ಕಂಕುಳಕ್ಕೆ ಕೈಹಾಕಿ ಅರ್ಧ ಹೊರಗೆ ಎಳೆದುಕೊಂಡಿದ್ದಳು. ಅವನನ್ನು ನೆಲದ ಮೇಲೆ ಮೆಲ್ಲಗೆ ಮಲಗಿಸಿ, ನೀರಿನ ಬಿಂದಿಗೆ ಹಿಡಿದು ಡಾಕ್ಟರ ಬಳಿಗೆ ಬಂದಳು.

“ಕೈ ಕೊಡ್ರಿ ಇತ್ತ, ಯಪ್ಪಾ,” ಎಂದಳು.

ಅವರು ಹೇಳಿದಂತೆ ನೀರು ಹೊಯ್ದಳು, ಹೊಯ್ಯುತ್ತಲೇ ಇದ್ದಳು. ಆಮೇಲೆ ಗಂಟಿನಿಂದ ತೊಳೆದ ಸೀರೆಯೊಂದನ್ನು ತೆಗೆದು ಹರಿದು ಸುತ್ತಿದಳು. ಡಾಕ್ಟರು ನನ್ನ ಕಡೆ ನೋಡಿ, ರಸ್ತೆಗೆ ಹೋಗಿ ಯಾವ ಗಾಡಿ ಬಂದರೂ ನಿಲ್ಲಿಸು ಎಂದಷ್ಟೇ ಹೇಳಿದರು.

ಒಂದು ಇದ್ದಿಲು ಬಸ್ಸು ಬಂತು. ಮೂವರೂ ಅದರಲ್ಲಿ ಹೋದರು. ರೋಗಿಯ ಜೊತೆಗೆ ಡಾಕ್ಟರೂ ರೋಗಿಯಾಗಿ ಹುಬ್ಬಳ್ಳಿಗೆ ಹೋದರೆಂದು ಮರುದಿನ ಸ್ಟೇಷನ್ನಿನಲ್ಲಿ ತಿಳಿಯಿತು.

ನಾನು ಗಾಡಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತೆ. ಕೈಯಲ್ಲಿ ಏನೋ ಚುಚ್ಚುತ್ತಿತ್ತು. ಬೊಗಸೆ ಮಣ್ಣಿನ ಜೊತೆ ಬಂದ ಜಾಲಿಮುಳ್ಳು. ನನಗಾದ ಗಾಯ ಅದೊಂದೇ.

ಮುಂದಿನ ಮೂರು ವಾರ ಜಿನ್ನಿನ ಕೆಲಸವನ್ನು ಯಂತ್ರದಂತೆ ಮಾಡಿದೆ. ಊಟಕ್ಕೆ ಕೂತರೆ ಸುಟ್ಟ ಬಟ್ಟೆಯ ವಾಸನೆ ಬರುತ್ತಿತ್ತು. ಏನಾಯಿತು ಎಂದು ನನ್ನ ಹೆಂಡತಿ ಕೇಳಿದರೆ ಗಾಡಿಗೆ ಬೆಂಕಿ ಹತ್ತಿತು ಎಂದಷ್ಟೇ ಹೇಳುತ್ತಿದ್ದೆ. ನಾನು ಎಲ್ಲಿ ನಿಂತಿದ್ದೆ ಎಂದು ಹೇಳಲಿಲ್ಲ. ಇನ್ನು ಮೋಟಾರಿಗೆ ಕೈ ಹಚ್ಚುವುದಿಲ್ಲ ಎಂದು ಜಿನ್ನಿನ ಮಾಲೀಕರಿಗೆ ತಿಳಿಸಿ, ಎಳೆದು ತಂದಿದ್ದ ಕಾರನ್ನು ಜಿನ್ನಿನ ಹಿಂದೆ ಗೋಣಿತಟ್ಟು ಹೊದಿಸಿ ಬಿಟ್ಟೆ.

ಒಂದು ಮುಂಜಾನೆ ಡಾಕ್ಟರು ತಾವೇ ಜಿನ್ನಿಗೆ ಬಂದರು. ಬಲಗೈ ಬಟ್ಟೆಯಲ್ಲಿತ್ತು. ಆ ರೈತ ಬದುಕಿದ, ಊರಿಗೆ ಹೋಗಿದ್ದಾನೆ ಎಂದು ಮೊದಲು ಹೇಳಿದರು. ಅವರ ಕೈಯ ಬಗ್ಗೆ ನಾನೇ ಕೇಳಬೇಕಾಯಿತು. ಎರಡು ಬೆರಳು ನೆಟ್ಟಗಾಗುವುದಿಲ್ಲ, ಇನ್ನು ಕೊಯ್ಯುವ ಕೆಲಸಕ್ಕೆ ಆ ಕೈ ಆಗದು ಎಂದರು. ಮಳೆ ಬೀಳಲಿಲ್ಲ ಎನ್ನುವ ದನಿಯಲ್ಲಿ ಹೇಳಿದರು. ಗಾಡಿ ಯಾವಾಗ ಸಜ್ಜಾಗುತ್ತದೆ ಎಂದು ಕೇಳಿದರು.

ನಾನು ಜೆಟ್ಟಿನ ವಿಷಯ ಹೇಳಿದೆ. ಕಂಡೂ ಹಾಗೆಯೇ ಬಿಟ್ಟಿದ್ದನ್ನು, ಬೆಳ್ಳಗಿನ ಪ್ಲಗ್ಗನ್ನು, ಛಲೋ ಐತಿ ಎಂದದ್ದನ್ನು, ನಲ್ಲಿಯನ್ನು ಬಿಗಿ ಮಾಡಿದವನು ನಾನೇ ಎಂಬುದನ್ನು. ಕೊನೆಗೆ ಹತ್ತು ಹೆಜ್ಜೆ ದೂರ ನಿಂತದ್ದನ್ನೂ ಹೇಳಿದೆ. ಅದನ್ನು ಅವರು ಕಂಡಿದ್ದರು, ಆದರೂ ಹೇಳಿದೆ. ಬೇರೆ ಮಿಸ್ತ್ರಿಯನ್ನು ನೋಡಿಕೊಳ್ಳಿ ಎಂದೆ.

ಅವರು ಒಂದು ಹತ್ತಿ ಮೂಟೆಯ ಮೇಲೆ ಕೂತರು. ಸಿಟ್ಟು ಬಂದಿತ್ತು, ಅದು ಅವರ ದವಡೆಯಲ್ಲಿ ಕಾಣುತ್ತಿತ್ತು.

“ಜೆಟ್ಟಿಂದು ನೀ ಅವತ್ತೇ ಹೇಳಿದ್ರ ನಾ ಬ್ಯಾಡ ಅಂತಿದ್ದೆನೋ ಇಲ್ಲೋ, ನನಗೂ ಗೊತ್ತಿಲ್ಲ,” ಎಂದರು. “ಪೆಟ್ರೋಲ್ ಉಳೀತೈತಿ ಅಂದ್ರ ಹೂಂ ಅಂತಿದ್ದೆ ಅನಸ್ತೈತಿ. ಆದರ ಹೇಳಬೇಕಿತ್ತು ನೀ. ಈಗ ಬ್ಯಾರೆ ಮಿಸ್ತ್ರಿ ಅಂತೀ. ಎಲ್ಲಿ ಅದಾನ ಅಂವಾ? ಊರ ಹೆಸರು ಹೇಳು, ಹೋಗ್ತೀನಿ.”

ಅಂಥವನು ಇರಲಿಲ್ಲ.

“ಕೈ ನಂದು ಹೋಗೈತಿ. ನಿನ್ನವು ನೆಟ್ಟಗ ಅದಾವ. ಇನ್ನ ಮ್ಯಾಲೆ ಕಂಡದ್ದನ್ನ ನನಗ ಹೇಳಿ ಮಾಡು. ಅಷ್ಟ.”

ಅದು ಕ್ಷಮೆ ಎಂದು ನಾನು ತಿಳಿಯಲಿಲ್ಲ. ಕೆಲಸ ಎಂದು ತಿಳಿದೆ. ಆ ದಿನವೇ ಗಾಡಿಯ ಮೇಲಿನ ತಟ್ಟನ್ನು ತೆಗೆದೆ.

ಬಸ್ಸಿನ ಕಾರ್ಬುರೇಟರಿಗೆ ದೊಡ್ಡ ಜೆಟ್ ಹಾಕಿ, ಸೂಜಿ ಬದಲಿಸಿ ಮತ್ತೆ ಕೂಡಿಸಬಹುದಿತ್ತು. ಆದರೆ ಗಂಟಲು ಗಂಟಲೇ, ನಾಲ್ಕು ಮಂದಿ ಕೂತರೆ ಆ ಏರಿನಲ್ಲಿ ಗಾಡಿ ಉಸಿರುಕಟ್ಟುವುದು ತಪ್ಪದು. ಸಣ್ಣ ಗಂಟಲನ್ನು ದೊಡ್ಡದು ಮಾಡಲು ಲೋಹ ಸಾಲದು. ದೊಡ್ಡ ಗಂಟಲನ್ನು ಸಣ್ಣದು ಮಾಡಬಹುದು, ಒಳಗೆ ಹಿತ್ತಾಳೆಯ ಬಳೆ ಕೂಡಿಸಿದರೆ ಆಯಿತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಜಿನ್ನಿನಲ್ಲಿ ಲೇಥು ಇತ್ತು, ನಾನು ಅದರ ಮುಂದೆ ವರ್ಷಗಟ್ಟಲೆ ನಿಂತವನು. ದೇಸಾಯರು ಇಲ್ಲ ಎಂದಾಗ ನಾನು ಇನ್ನೊಂದು ಮಾತು ಆಡಿರಲಿಲ್ಲ.

ಮತ್ತೆ ಯಲಬುರ್ಗಾಕ್ಕೆ ಹೋದೆ. ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ದೇಸಾಯರು ತೂಗುಮಂಚದಿಂದ ಎದ್ದು ಎದುರಿಗೆ ಬಂದರು.

“ಯಾವ ಕೈ?” ಎಂದು ಕೇಳಿದರು.

ಬಲಗೈ ಎಂದೆ.

“ಅವತ್ತ ಕೊಟ್ಟಿದ್ರ...” ಎಂದರು. ತಾವೇ ನಡೆದು ಹೋಗಿ ಬಾನೆಟ್ ಎತ್ತಿ ಹಿಡಿದರು. ನಾನು ಕೊಳವೆಯ ಸಂದುಗಳನ್ನು, ಎರಡು ಬೋಲ್ಟುಗಳನ್ನು ಬಿಚ್ಚಿ ಮುಗಿಸುವವರೆಗೂ ಆ ವಯಸ್ಸಿನಲ್ಲಿ ಹಿಡಿದೇ ನಿಂತಿದ್ದರು.

ಆಮೇಲಿನ ಹನ್ನೆರಡು ದಿನಗಳ ಕೆಲಸ ನನ್ನ ಬದುಕಿನಲ್ಲಿ ಅತಿ ನಿಧಾನವಾಗಿ ಮಾಡಿದ ಕೆಲಸ. ಹಿತ್ತಾಳೆ ಸರಳನ್ನು ಲೇಥಿಗೆ ಕಟ್ಟಿ, ಹೊರಗೆ ದೊಡ್ಡ ಗಂಟಲಿಗೆ ಬಿಗಿಯಾಗಿ ಕೂಡುವಂತೆ, ಒಳಗೆ ಪುಡಿಯಾದ ಕಾರ್ಬುರೇಟರಿನ ಗಂಟಲಿನ ಅಳತೆಗೆ ಸರಿಯಾಗಿ, ನಡುವೆ ಕಿರಿದಾಗಿ ಎರಡೂ ತುದಿಗೆ ಅಗಲವಾಗುವಂತೆ ಬಳೆ ತಿರುಗಿಸಿದೆ. ಮೊದಲನೆಯದು ಕೆಟ್ಟಿತು, ಎಸೆದೆ. ಎರಡನೆಯದು ಕೂಡಿತು. ಗಾಳಿ ಕದಿಯದಂತೆ ಕೂಡುವ ಮುಖವನ್ನು ದಪ್ಪ ಗಾಜಿನ ಮೇಲೆ ಉಬ್ಬು ಕಾಣಲೆಂದು ಕೆಂಪು ಬಣ್ಣ ಸವರಿ ಉಜ್ಜಿ ಉಜ್ಜಿ ಸಮ ಮಾಡಿದೆ. ಸೂಜಿಯನ್ನು ಹೊಸದಾಗಿ ಕಡೆದು, ಪೆಟ್ರೋಲ್ ತುಂಬಿ, ಕೆಳಗೆ ಕಾಗದ ಹಾಸಿ ಒಂದು ಹಗಲಿಡೀ ಬಿಟ್ಟೆ. ಕಾಗದ ಒಣಗಿಯೇ ಇತ್ತು. ನಲ್ಲಿಯನ್ನು ಕಿತ್ತು, ಎಂಜಿನ್ನಿನ ಕಡೆಯಿಂದಲ್ಲದೆ ಡ್ರೈವರಿನ ಕಾಲ ಬಳಿಯಿಂದಲೇ ತಿರುಗುವಂತೆ ಕಬ್ಬಿಣದ ಕಡ್ಡಿ ಕೂಡಿಸಿದೆ. ಒಂದು ಬೆರಳಿಗೆ ತಿರುಗಬೇಕು, ಅಷ್ಟು ಹಗುರ.

ಜೆಟ್ ಕೊನೆಗೆ. ದೊಡ್ಡ ತೂತಿನಿಂದ ಶುರು ಮಾಡಿದೆ. ಪ್ಲಗ್ಗುಗಳು ಮಸಿ ಹಿಡಿದವು. ಮುಂದಿನ ಜೆಟ್ ಸ್ವಲ್ಪ ಕಿರಿದು, ಅದರ ಮುಂದಿನದು ಇನ್ನೂ ಸ್ವಲ್ಪ. ಪ್ರತಿ ಸಲವೂ ಕಲ್ಲು ಮೂಟೆ ಹೇರಿಕೊಂಡು ಆ ಏರಿಗೆ ಹೋಗಿ, ಹತ್ತಿಸಿ, ಮೇಲೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡುತ್ತಿದ್ದೆ. ನಾಲ್ಕನೆಯ ಜೆಟ್ಟಿಗೆ ಆರೂ ಪ್ಲಗ್ಗುಗಳು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದವು. ಅವುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡು ರಸ್ತೆಯ ಮೇಲೆ ಕೂತು ಬಹಳ ಹೊತ್ತು ನೋಡಿದೆ. ಸಂತೋಷವಾಗಲಿಲ್ಲ. ಇದು ಇಷ್ಟೇ ಕೆಲಸವಾಗಿತ್ತಲ್ಲ ಎಂಬುದು ನನ್ನನ್ನು ಕೂತಲ್ಲೇ ಹಿಡಿದುಬಿಟ್ಟಿತು.

ಡಾಕ್ಟರನ್ನು ಕರೆಸಿ ಎಲ್ಲವನ್ನೂ ಬಿಚ್ಚಿ ತೋರಿಸಿದೆ. ಒಳ್ಳೆಯದನ್ನು ಹೇಳುವ ಮೊದಲು ಕೆಟ್ಟದ್ದನ್ನು ಹೇಳಿದೆ. ಈ ಗಾಡಿ ಮೊದಲಿಗಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಕೂಪನ್ನು ಹತ್ತು ಹನ್ನೊಂದು ದಿನಕ್ಕೇ ಮುಗಿಯಬಹುದು, ಅದಕ್ಕೆ ನನ್ನ ಬಳಿ ಉಪಾಯವಿಲ್ಲ ಎಂದೆ. ಅವರು ಯೋಚಿಸಿದರು. ಹತ್ತಿರದ ಹಳ್ಳಿಗಳಿಗೆ ಕುದುರೆ ಟಾಂಗಾದಲ್ಲಿ ಹೋಗುತ್ತೇನೆ, ಗಾಡಿ ಸ್ಟೇಷನ್ನಿಗೆ ಮುಟ್ಟಿಸಬೇಕಾದವರಿಗೆ ಮಾತ್ರ ಎಂದು ಅಲ್ಲೇ ನಿರ್ಧರಿಸಿದರು. ಹೊಸ ಡ್ರೈವರ್ ಸಿಗುವವರೆಗೆ ನಾನು ಕುಷ್ಟಗಿಯಲ್ಲೇ ಇರಬೇಕೆಂದರು. ಜಿನ್ನಿನ ಮಾಲೀಕರು ಒಪ್ಪಿದರು.

ಹೋದ ಐದನೆಯ ದಿನ ಕರೆ ಬಂತು. ಹೆರಿಗೆಯಲ್ಲಿ ಮಗು ಅಡ್ಡ ನಿಂತಿದ್ದ ಒಬ್ಬ ಹೆಣ್ಣುಮಗಳು. ಮೊದಲಾಗಿದ್ದರೆ ಡಾಕ್ಟರು ತಾವೇ ಕೈ ಹಾಕುತ್ತಿದ್ದರೇನೋ. ಈಗ ಹುಬ್ಬಳ್ಳಿಯೇ ಗತಿ. ಅದೇ ಏರಿಗೆ ಬಂದಾಗ ನಲ್ಲಿಯ ಕಡ್ಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ಗೇರ್ ಇಳಿಸಿದೆ. ಎಂಜಿನ್ ಕೆಮ್ಮಲಿಲ್ಲ. ಆರೂ ಸಿಲಿಂಡರುಗಳು ಒಂದೇ ದನಿಯಲ್ಲಿ ಎಳೆದುಕೊಂಡು ಮೇಲೆ ಹೋದವು. ರೈಲು ಬರುವ ಮೊದಲೇ ಸ್ಟೇಷನ್ ಮುಟ್ಟಿದೆವು. ಅವಳನ್ನೂ ಅವಳ ತಾಯಿಯನ್ನೂ ನಮ್ಮೊಡನೆ ಬಂದಿದ್ದ ದವಾಖಾನೆಯ ಕಂಪೌಂಡರ್ ಜೊತೆಗೆ ರೈಲಿನ ಡಬ್ಬಿ ಹತ್ತಿಸಿದೆವು.

ವಾಪಸು ಬರುವಾಗ ಗಾಡಿಯಲ್ಲಿ ನಾವಿಬ್ಬರೇ. ಬಂಡೆಗಲ್ಲುಗಳ ಸೀಮೆ ಮುಗಿದು ಕಪ್ಪು ಮಣ್ಣಿನ ಎರಿ ಹೊಲಗಳು ಶುರುವಾಗಿದ್ದವು, ಎರಡೂ ಕಡೆ ಜೋಳ ಎದೆಮಟ್ಟ ನಿಂತಿತ್ತು. ಡಾಕ್ಟರು ಏನಾದರೂ ಹೇಳಬಹುದೆಂದು ಬಹಳ ಹೊತ್ತು ಕಾದೆ. ಪಕ್ಕಕ್ಕೆ ತಿರುಗಿ ನೋಡಿದರೆ ಅವರು ನಿದ್ದೆ ಹೋಗಿದ್ದರು. ತಲೆ ಬಾಗಿಲಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಪೂರ್ತಿ ಬಿಚ್ಚಲಾಗದ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ನಾನು ಓಡಿಸುವ ಗಾಡಿಯಲ್ಲಿ.

ಮುಂದೆ ಚಕ್ಕಡಿ ಗಾಲಿಗಳು ಕೊರೆದ ತಗ್ಗು ಇತ್ತು. ಅವರಿಗೆ ಎಚ್ಚರವಾಗದಂತೆ ವೇಗ ತಗ್ಗಿಸಿ, ಗಾಡಿಯನ್ನು ಮೆಲ್ಲಗೆ ಅದರ ಬದಿಗೆ ತಂದೆ.